ಚೆಕ್‌ರೋಲಿನಿಂದ ಬಿದ್ದ ಹೆಸರು

ನಿಯಮ ಎಂಬ ಮಾತು ಕೇಳಿದರೆ ನಾನು ಈಗಲೂ ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ. ಮೊನ್ನೆ ಮಡಿಕೇರಿಯಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರೊಬ್ಬರು, ಒಂದು ಕೋಷ್ಟಕದಲ್ಲಿ ಹೆಸರು ಅಳಿಸಿದರೆ ಇನ್ನೊಂದರಲ್ಲೂ ತಾನಾಗಿಯೇ ಅಳಿಯುವಂತೆ ನಿಯಮ ಕಟ್ಟಿಡಬಹುದು ಎಂದು ಹೆಮ್ಮೆಯಿಂದ ವಿವರಿಸಿದರು. "ಯಾಕೆ ಅಳಿಸಿದ್ದು ಅಂತ ಅದು ಕೇಳ್ತದಾ?" ಎಂದೆ. "ಅದ್ಯಾಕೆ ಕೇಳ್ತದೆ ಸಾರ್!" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಶ್ರೀಮಂಗಲದ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತನಾಗಿದ್ದೆ. ವಯಸ್ಸು ಇಪ್ಪತ್ತಮೂರು, ಶಿಸ್ತಿನ ಹುಚ್ಚು ಮಾತ್ರ ಅರವತ್ತರದ್ದು. ಆಳುಗಳ ಹಾಜರಿಗೆ ಚೆಕ್‌ರೋಲ್, ಅವರು ವಾಸಿಸುವ ಸಾಲುಮನೆಗಳಾದ ಲೈನ್‌ಮನೆಗಳಿಗೂ ನಮ್ಮ ಕ್ವಾರ್ಟರ್ಸಿಗೂ ಸೇರಿಸಿ ಇನ್ನೊಂದು, ಲೈನ್ ಪುಸ್ತಕ. ಎರಡೂ ತಾಳೆಯಾಗದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಪುಸ್ತಕದ ರಟ್ಟಿನ ಮೇಲೆ ಚೀಟಿ ಅಂಟಿಸಿದೆ: ಚೆಕ್‌ರೋಲಿನಲ್ಲಿ ಹೆಸರು ಹೊಡೆದು ಹಾಕಿದರೆ ಲೈನ್ ಪುಸ್ತಕದಲ್ಲೂ ಹೊಡೆಯುವುದು, ಮನೆ ಖಾಲಿಯಾದರೆ ಕಾದಿರುವವರಲ್ಲಿ ಮೊದಲಿನವರಿಗೆ ಕೊಡುವುದು. ಒಂದು ಗೀಟು ಎಳೆದರೆ ಸಾಕು, ಉಳಿದದ್ದು ತಾನೇ ನಡೆಯುತ್ತದೆ ಎಂದು ಮ್ಯಾನೇಜರರ ಮುಂದೆ ಜಂಬ ಕೊಚ್ಚಿದ್ದೂ ಆಯಿತು.

ಕಾಫಿ ಕುಯ್ಯುವ ಪಾರ್ವತಿ ಹೆರಿಗೆಗೆಂದು ಕುಶಾಲನಗರದ ತವರಿಗೆ ಹೋದಳು. ಗಂಡ ಲಾರಿ ಕೆಲಸಕ್ಕೆ ಸೇರಿದವನು, ಮನೆಯಲ್ಲಿರುವುದೇ ಅಪರೂಪ. ಹಾಜರಿಯಲ್ಲಿ ಸಾಲು ಸೊನ್ನೆ ನೋಡಲಾಗದೆ ನಾನು ಅವಳ ಹೆಸರು ಹೊಡೆದೆ. ಅವಳು ಬಂದ ಮೇಲೆ ಮತ್ತೆ ಬರೆದರಾಯಿತು ಎಂದುಕೊಂಡು, ಲೈನ್ ಪುಸ್ತಕ ಮುಟ್ಟದೆ, ತಂಗಿಯ ಮದುವೆಗೆ ತಿಂಗಳ ರಜೆ ಹೋದೆ. ಮರಳಿ ಬಂದರೆ ಅವಳ ಮನೆಯಲ್ಲಿ ಬೇರೆ ಸಂಸಾರದ ಒಲೆ ಉರಿಯುತ್ತಿದೆ! ಎರಡನೇ ರೈಟರ್ ಬೆಳ್ಯಪ್ಪನವರು, ನನಗಿಂತ ಹಿರಿಯರು, ತಣ್ಣಗೆ ಹೇಳಿದರು: "ಆ ಚೀಟಿ ನೀವೇ ಅಂಟಿಸಿದ್ದಲ್ವಾ ರೈಟ್ರೇ? ನಾನು ಸ್ವಂತ ಬುದ್ಧಿ ಏನೂ ಹಾಕ್ಲಿಲ್ಲ."

ಹೊಸಬರನ್ನು ಎಬ್ಬಿಸುವುದು ಹೇಗೆ? ಅವರೂ ಮೂರು ಮಕ್ಕಳೊಂದಿಗೆ ಸ್ಟೋರಿನ ಜಗಲಿಯಲ್ಲಿ ಕಾದವರೇ. ಬೇರೆ ಮನೆ ಒಂದೂ ಖಾಲಿ ಇರಲಿಲ್ಲ. ಹೆರಿಗೆಗೆ ಹೋದವರ ಹೆಸರು ಹೊಡೆಯುವ ಬದಲು 'ರಜೆ' ಎಂದು ಬರೆಯುವುದು ಎಂಬ ಹೊಸ ಚೀಟಿ ಅಂಟಿಸಿದೆ. ಆದರೆ ನಿಯಮ ಹಿಂದಕ್ಕೆ ನಡೆಯುವುದಿಲ್ಲವಲ್ಲ. ಹದಿನೈದು ದಿನ ಪ್ರತಿ ಬಸ್ಸಿನ ಹಾರ್ನಿಗೂ ಬೆಚ್ಚಿಬಿದ್ದೆ.

ಪಾರ್ವತಿ ಬಂದೇ ಬಂದಳು. ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಫೀಸಿನ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ: "ನಾನು ಬಿಟ್ಟು ಹೋದೆ ಅಂತ ಯಾರು ಹೇಳಿದ್ದು ರೈಟ್ರೇ?"

ಯಾರೂ ಹೇಳಿರಲಿಲ್ಲ. ನನ್ನ ಕ್ವಾರ್ಟರ್ಸಿನ ಬೀಗದ ಕೈ ಅವಳ ಕೈಗಿಟ್ಟೆ. ಬೆಳ್ಯಪ್ಪನವರು ಲೈನ್ ಪುಸ್ತಕ ತೆರೆದು ನನ್ನ ಮನೆಯ ಮುಂದೆ ಅವಳ ಹೆಸರು ಬರೆದರು. ಒಂದು ಮನೆಗೆ ಒಂದೇ ಹೆಸರು ಎಂಬುದೂ ನನ್ನದೇ ಕಟ್ಟುನಿಟ್ಟು; ಸ್ಕೇಲಿಟ್ಟು ನನ್ನ ಹೆಸರಿನ ಮೇಲೆ ನೇರವಾಗಿ ಗೀಟೆಳೆದರು.

ನಿಯಮ ಬರೆಯುವಾಗ ನಾನು ಮನೆಯೊಳಗಿದ್ದೆ. ಅದನ್ನು ಸರಿಯಾಗಿ ಓದಲು ಕಲಿತದ್ದು ಹಾಸಿಗೆ ಸುರುಳಿ ಹೊತ್ತು ಅಂಗಳಕ್ಕೆ ಇಳಿದ ಮೇಲೆ.