ಕೌದಿಯ ಹೊಟ್ಟೆ

ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಮೊನ್ನೆ ಗಾಂಧಿನಗರದ ನಮ್ಮ ಮನೆ ಕಟ್ಟೆಯ ಮೇಲೆ ಗಂಟು ಬಿಚ್ಚಿದಳು. ಒಗೆದೊಗೆದು ಮೆತ್ತಗಾದ ನೂಲಿನ ಸೀರೆಗಳ ವಾಸನೆ ಮೂಗಿಗೆ ಬಡಿದು, ಚೌಕಾಸಿಯೇ ಮರೆತುಹೋಯಿತು. ಸಿರಿಗೇರಿಯ ಅಕ್ಕನ ಮಂಚದ ಸುತ್ತ ಇರುತ್ತಿದ್ದದ್ದು ಇದೇ ವಾಸನೆ...

ವಾಸಿಯಾಗದ ರೋಗಿಗಳನ್ನು ಕೊನೆಯವರೆಗೆ ನೋಡಿಕೊಳ್ಳುವ ಆರೈಕೆ ಮನೆಯೊಂದಕ್ಕೆ ಆಗ ನಾನು ಹೋಗುತ್ತಿದ್ದೆ. ಸಂಬಳವಿಲ್ಲದ ಕೆಲಸ. ಕಾಗದದ ಹೂವು, ಮಣಿಸರ ಮಾಡಲು ಕಲಿಸಿ ಅವರ ಮನಸ್ಸು ಹಗುರ ಮಾಡುತ್ತೇನೆಂಬ ಹುಮ್ಮಸ್ಸು ನನ್ನದು. ಮೊದಲ ದಿನವೇ ನನ್ನ ಹೂವನ್ನು ತಿರುಗಿಸಿ ನೋಡಿ, ಇದನ್ನು ಹೊದೆಯೋಕಾಗುತ್ತದೋ ಹಾಸೋಕಾಗುತ್ತದೋ ಎಂದು ಕೇಳಿದವಳು, ಅಲ್ಲಿದ್ದವರೆಲ್ಲ ಅಕ್ಕ ಎನ್ನುತ್ತಿದ್ದ ಈ ಸಿರಿಗೇರಿಯವಳು. ಸಿರುಗುಪ್ಪದ ಕಡೆ ಭತ್ತ ನಾಟಿ ಮಾಡಿ ಬದುಕಿದವಳು. ಗಂಟಲ ಕೆಳಗೆ ಗಡ್ಡೆಯಾಗಿ, ಗಂಜಿ ಇರಲಿ, ನೀರು ಕೂಡ ತೊಟ್ಟುತೊಟ್ಟಾಗಿ ಇಳಿಯಬೇಕಿತ್ತು. ಮಾತು ಮಾತ್ರ ಧಾರಾಳ. ನನಗೆ ಸಿಟ್ಟು ಬಂತು. ಆದರೂ ಮರುವಾರ ಅವಳು ಕೇಳಿದ ಹಳೆ ಸೀರೆಗಳನ್ನು ಹೊತ್ತುಕೊಂಡು ಹೋದೆ.

ಕುರುಗೋಡಿಗೆ ಕೊಟ್ಟ ಒಬ್ಬಳೇ ಮಗಳಿಗೆ ದಿನ ತುಂಬುತ್ತಿತ್ತು. ಹುಟ್ಟುವ ಕೂಸಿಗೆ ತವರಿನ ಕೌದಿ ಹೋಗಬೇಕು. ಅಕ್ಕ ದಿಂಬಿಗೆ ಒರಗಿ ಹೊಲಿಯುತ್ತಿದ್ದಳು, ನಾನು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದೆ. ಪಕ್ಕದ ಮಂಚಗಳವರೂ ತಮ್ಮ ಸೀರೆಯಿಂದ ಒಂದೊಂದು ತುಂಡು ಕೊಟ್ಟರು. ಎಲ್ಲ ಮುಗಿದ ಮೇಲೆ ನಡುವಿನ ಒಂದು ಚೌಕ ಮಾತ್ರ ಬಾಯಿ ತೆರೆದೇ ಉಳಿಯಿತು. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ತುಂಡು ರೊಟ್ಟಿ ಇಟ್ಟು ಮುಚ್ಚಬೇಕು, ಹಸಿದ ಕೌದಿಯ ಮೇಲೆ ಕೂಸನ್ನು ಮಲಗಿಸಬಾರದು ಎನ್ನುವುದು ಅವರ ಕಡೆಯ ಪದ್ಧತಿ.

ಅದಕ್ಕೇನು, ಇಲ್ಲಿನ ಅಡುಗೆಮನೆಯ ಚಪಾತಿ ಇಡೋಣ ಎಂದೆ. ಅಕ್ಕ ಸೂಜಿ ಕೆಳಗಿಟ್ಟಳು.

"ಸಾಯೋರ ಮನಿ ಕೂಳು ಕೂಸಿನ ಕೌದ್ಯಾಗ ಇಡತಾರೇನ್ರಿ, ಟೀಚರಮ್ಮ? ಕೌದಿ ಯಾವ ಮನಿಗೆ ಹೋಗತೈತೋ ಆ ಮನಿ ರೊಟ್ಟಿನ ಬೇಕು."

ಆ ಮನೆಯಿಂದ ಯಾರೂ ಬರುತ್ತಿರಲಿಲ್ಲ. ಫೋನ್ ಮಾಡಿದಾಗಲೆಲ್ಲ ಬೀಗಿತ್ತಿಯೇ ಎತ್ತಿ, ಬಸುರಿಯನ್ನು ಅಂಥ ಜಾಗಕ್ಕೆ ಕಳಿಸುವುದಿಲ್ಲ ಎಂದು ಇಟ್ಟುಬಿಡುತ್ತಿದ್ದಳು. ಅಕ್ಕನ ಉಸಿರು ದಿನದಿನಕ್ಕೆ ಗಿಡ್ಡವಾಯಿತು. ಬಾಗಿಲ ಸದ್ದಾದರೆ ಕತ್ತು ತಿರುಗಿಸುತ್ತಿದ್ದಳು. ಒಂದು ಬೆಳಿಗ್ಗೆ ನರ್ಸ್ ನನ್ನನ್ನು ಹೊರಗೆ ಕರೆದು, ಇವತ್ತೋ ನಾಳೆಯೋ ಎಂದರು. ನಾನು ಒಳಗೆ ಹೋಗಿ ಅಕ್ಕನಿಗೆ ಮುಖ ತೋರಿಸಲಾರದೆ, ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಹೋಗಿ ಕುರುಗೋಡಿನ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಒಂದೇ ದಿಗಿಲು. ನಾನು ತಿರುಗಿ ಹೋಗುವಷ್ಟರಲ್ಲಿ ಅಕ್ಕ ಇರದಿದ್ದರೆ? ಗುಡ್ಡದ ಬುಡದ ಆ ಮನೆಯ ಬಾಗಿಲಿಗೆ ಬೀಗಿತ್ತಿ ಅಡ್ಡ ನಿಂತಳು. ಒಳಗೆ ಬಳೆ ಸದ್ದಾಯಿತು, ಮಗಳು ಹೊರಗೆ ಬರಲಿಲ್ಲ. ಜಗಳಕ್ಕೆಂದೇ ಸೊಂಟ ಕಟ್ಟಿ ಹೋಗಿದ್ದೆ ನಾನು. ಬೀಗಿತ್ತಿ ದನಿ ಎತ್ತಲೇ ಇಲ್ಲ.

"ಹೋದ ಸಲದ್ದು ಏಳು ತಿಂಗಳಿಗೆ ಹೋತ್ರಿ. ನನ್ನ ಕೈಯಾಗ ಮಣ್ಣು ಮಾಡೀನಿ. ಈ ಸಲ ಯಾರ್ ಹೇಳಿದ್ರೂ ಕಳಸಂಗಿಲ್ಲ."

ಕೌದಿಗೆ ರೊಟ್ಟಿಯನ್ನಾದರೂ ಕೊಡಿ ಎಂದು ಬೇಡಿದೆ. ಅವಳು ಒಳಗೆ ಹೋದಳು. ಒಳಗೆ ಪಿಸುಮಾತು, ಆಮೇಲೆ ರೊಟ್ಟಿ ಬಡಿಯುವ ಸದ್ದು. ನನ್ನ ಜೀವ ಬಸ್ಸಿನ ಹೊತ್ತಿನ ಮೇಲೇ ಇತ್ತು. ಕೊನೆಗೆ ಬಟ್ಟೆಯಲ್ಲಿ ಸುತ್ತಿದ ಎರಡು ಬಿಸಿ ಜೋಳದ ರೊಟ್ಟಿ ಕೈಗೆ ಬಂದವು.

ಅಕ್ಕನಿಗೆ ಜೀವವಿತ್ತು. ಬಟ್ಟೆ ಬಿಚ್ಚಿ ಮುಖದ ಹತ್ತಿರ ಹಿಡಿದೆ. ಕಣ್ಣು ಬಿಟ್ಟಳು. ಎರಡು ಯಾಕೆ ಎಂದು ಅವಳೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟುಕೊಂಡಳು. ನುಂಗಲು ಆಗುವುದಿಲ್ಲವೆಂದು ಅವಳಿಗೆ ಗೊತ್ತು. ಕಣ್ಣು ಮುಚ್ಚಿ ಹಾಗೇ ಇಟ್ಟುಕೊಂಡಿದ್ದಳು... ಆಮೇಲೆ ಅದನ್ನು ಬೆರಳಲ್ಲಿ ತೆಗೆದು, ರೊಟ್ಟಿಯ ಇನ್ನೊಂದು ತುಂಡಿನ ಜೊತೆ ಕೌದಿಯ ಹೊಟ್ಟೆಯಲ್ಲಿಟ್ಟಳು. ಸೂಜಿ ಹಿಡಿಯುವ ಕಸುವಿರಲಿಲ್ಲ. ಮುಚ್ಚಿ ಎಂದು ಕಣ್ಣಲ್ಲೇ ಹೇಳಿದಳು. ನಾನೇ ಹೊಲಿದೆ.

ಮರುದಿನ ಅಕ್ಕ ಹೋದಳು. ಮಣ್ಣಿಗೆ ಬಂದ ಅಳಿಯ ಕೌದಿಯನ್ನು ಕಂಕುಳಲ್ಲಿ ಹಿಡಿದುಕೊಂಡು ಹೋದ. ಹೆಣ್ಣುಮಗು ಹುಟ್ಟಿತೆಂದು ಆಮೇಲೆ ತಿಳಿಯಿತು. ಅಕ್ಕನ ಮಗಳ ಜೊತೆ ಮಾತಾಡುವ ಧೈರ್ಯ ಇಷ್ಟು ವರ್ಷ ನನಗೇ ಬರಲಿಲ್ಲ.

ಮೊನ್ನೆ ಆ ಸೀರೆಗಳ ವಾಸನೆ ಬಡಿದ ಮೇಲೆ ತಡೆಯಲಾಗದೆ ಫೋನ್ ಮಾಡಿದೆ. ಈ ಸಲ ಮಗಳೇ ಎತ್ತಿದಳು. ಹುಡುಗಿ ಅಂಗನವಾಡಿಗೆ ಹೋಗುತ್ತಾಳೆ, ಮಲಗುವುದಕ್ಕೆ ಅದೇ ಕೌದಿ ಬೇಕು ಎಂದಳು. ಆಮೇಲೆ ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಕೇಳಿದಳು.

"ಒಂದು ಕೌದಿಗೆ, ಒಂದು ಅವ್ವಗ ಅಂತ ಕಳಿಸಿದ್ದೆ ರೀ. ಅವ್ವ ತಿಂದ್ಲಾ?"

ಸುಳ್ಳು ಹೇಳೋಣವೆಂದುಕೊಂಡೆ, ಬಾಯಿ ಬರಲಿಲ್ಲ. ನಡೆದದ್ದನ್ನು ನಡೆದಂತೆಯೇ ಹೇಳಿದೆ.

"ಬಾಯಾಗ ಇಟ್ಕೊಂಡ್ಲಲ್ಲ. ಸಾಕ್ರಿ," ಎಂದಳು.

ಫೋನ್ ಇಟ್ಟ ಮೇಲೂ ನಾನು ಕಟ್ಟೆಯ ಮೇಲೇ ಕೂತಿದ್ದೆ. ಎರಡನೆಯ ರೊಟ್ಟಿ ತನಗೆಂದು ಅಕ್ಕನಿಗೆ ತಿಳಿಯದೇ ಹೋಗಿತ್ತು, ನನಗೆ ಸಾಕು ಅನ್ನಿಸಲಿಲ್ಲ.