ಹೊಸೈರಿ ಬಟ್ಟೆಯ ಮೇಲಿನ ಹೆಸರು

ಆ ಮಾತನ್ನು ನಾನು ಆಡಿದೆನೋ ಇಲ್ಲವೋ ನನಗೆ ಖಚಿತವಿಲ್ಲ. “ಕೆಟ್ಟಿದ್ದು ಮಷೀನ್ ಅಲ್ಲ ಅಕ್ಕಾ, ನಿನ್ನ ಕೈ” ಎಂಬ ಮಾತು. ಅದನ್ನು ಗಟ್ಟಿಯಾಗಿ ಹೇಳಿದ್ದು ಕೆಲವೊಮ್ಮೆ ನನ್ನ ಕಿವಿಗೇ ಕೇಳಿಸಿದಂತಾಗುತ್ತದೆ. ಮತ್ತೆ ಕೆಲವೊಮ್ಮೆ, ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತು ಮನಸ್ಸಿನಲ್ಲೇ ಅಂದುಕೊಂಡ ಹಾಗೆ ನೆನಪು. ಹೆಂಡತಿಯನ್ನು ಕೇಳಿದರೆ, ಅಂದಿರಿ ಎನ್ನುತ್ತಾಳೆ. ಆದರೆ ಆಗ ಅವಳು ಬಾಣಂತಿ, ತನ್ನ ತಾಯಿಯ ಮನೆಯಲ್ಲಿದ್ದಳು. ಅವಳಿಗೆ ಗೊತ್ತಾಗಿದ್ದರೆ ಅದು ನನ್ನಿಂದಲೇ ಗೊತ್ತಾಗಿರಬೇಕು. ಒಂದೇ ಸಾಕ್ಷಿ ಎರಡು ಬಾಯಿಂದ ಬಂದ ಮಾತ್ರಕ್ಕೆ ಎರಡು ಸಾಕ್ಷಿಯಾಗುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ ನಾನು ಕಲಿತದ್ದು ಬಹುಶಃ ಇಷ್ಟೇ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅಪ್ಪ ಧಾರವಾಡದ ಕಡೆಯಿಂದ ಮದ್ದುಗುಂಡು ತಯಾರಿಸುವ ಆರ್ಡ್‌ನೆನ್ಸ್ ಫ್ಯಾಕ್ಟರಿಯ ಕೆಲಸಕ್ಕೆ ನಾಗಪುರಕ್ಕೆ ಬಂದವರು. ಅಕ್ಕ ಇಲ್ಲಿಯೇ ಮದುವೆಯಾಗಿ ಲಕ್ಷ್ಮೀ ನಗರದ ಫ್ಲ್ಯಾಟೊಂದರಲ್ಲಿ ಇದ್ದಳು. ಭಾವ ಸಾವನೇರಿನ ಬ್ಯಾಂಕಿನ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಮಕ್ಕಳಿರಲಿಲ್ಲ. ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಕಸೂತಿ ಮಷೀನ್ ಇತ್ತು. ಶಾಲೆಗಳ ಯೂನಿಫಾರ್ಮಿನ ಜೇಬಿಗೆ ಬ್ಯಾಡ್ಜು, ಟವೆಲಿಗೆ ಹೆಸರು, ಓಣಿಯ ಕೂಸುಗಳ ಅಂಗಿಗೆ ಆನೆ, ಬಾತುಕೋಳಿ, ಹೀಗೆ ಹತ್ತು ವರ್ಷ ಅವಳು ಅದರ ಮುಂದೆ ಕೂತಿದ್ದಳು.

ನನಗೆ ಮಗಳು ಹುಟ್ಟಿದಾಗ ಅಕ್ಕನಿಗೆ ಹೊಟ್ಟೆಯ ಕ್ಯಾನ್ಸರ್ ಗೊತ್ತಾಗಿ ಎಂಟು ತಿಂಗಳಾಗಿತ್ತು. ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಇಡೀ ದಿನ ಸಲಾಯಿನ್ ಬಾಟಲಿಯಲ್ಲಿ ಔಷಧ ಏರಿಸುತ್ತಿದ್ದರು. ಕರೆದುಕೊಂಡು ಹೋಗುತ್ತಿದ್ದವನು ನಾನು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಭಾವನಿಗೆ ಹೇಳಿದ್ದನ್ನು ಅವಳು ಭಾವನ ಮುಖ ನೋಡಿಯೇ ತಿಳಿದುಕೊಂಡಿದ್ದಳು.

ನಮ್ಮ ಮನೆತನದಲ್ಲಿ ಕೂಸಿಗೆ ಹೆಸರು ಆರಿಸುವುದೂ ಇಡುವುದೂ ಸೋದರತ್ತೆ. ಹದಿಮೂರನೆಯ ದಿನ ತೊಟ್ಟಿಲ ಮುಂದೆ ಕೂತು ಮೂರು ಸಲ ಕಿವಿಯಲ್ಲಿ ಹೇಳುವ ತನಕ ಅದು ಅವಳ ಹೊಟ್ಟೆಯಲ್ಲೇ ಇರಬೇಕು. ಹೆತ್ತವರೂ ಕೇಳಬಾರದು, ಬರೆದದ್ದನ್ನು ಕಣ್ಣಿಂದ ನೋಡಲೂಬಾರದು. ಆ ದಿನ ತೊಡಿಸುವ ಅಂಗಿಯ ಮೇಲೆ ಆ ಹೆಸರನ್ನು ತಾನೇ ಹಾಕಬೇಕು ಎಂದು ಅಕ್ಕ ಹಟ ಹಿಡಿದಳು.

“ಇನ್ನೊಂದು ಕೂಸಿನ ಹೆಸರಿಗೆ ನಾ ಇರಂಗಿಲ್ಲ ತಮ್ಮಾ. ಇದೊಂದು ನನ್ನ ಕೈಲೆ ಆಗ್ಲಿ” ಎಂದಳು. ಬಸ್ಸು ಎಷ್ಟಕ್ಕೆ ಹೊರಡುತ್ತದೆ ಎಂದು ಹೇಳುವ ದನಿಯಲ್ಲಿ.

ಸೀತಾಬರ್ಡಿ ಪೇಟೆಯಿಂದ ಅರ್ಧ ಡಜನ್ ಬಿಳಿ ಝಬಲಾ ತರಿಸಿದಳು. ಕೂಸುಗಳಿಗೆ ಹಾಕುವ ತೋಳಿಲ್ಲದ ಅಂಗಿಗೆ ಇಲ್ಲಿ ಝಬಲಾ ಎನ್ನುತ್ತಾರೆ. ಬಟ್ಟೆ ಹೊಸೈರಿ, ಬನಿಯನ್ನಿನ ಹಾಗೆ ಜಗ್ಗಿದಷ್ಟು ಬರುವಂಥದ್ದು. ಮೊದಲನೆಯದು ಕೆಟ್ಟಿತು. ಹಿಂಗಣಾದ ಕಾಲೇಜಿನಲ್ಲಿ ನಾನು ತಾತ್ಕಾಲಿಕ ಲೆಕ್ಚರರ್. ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೇ ಫೋನು ಬಂತು.

“ಅಕ್ಷರ ಸುಕ್ಕಾಗ್ಯಾವು. ನೀ ಎಮ್ಮೆಸ್ಸಿ ಮಾಡೀಯಲಾ, ಬಂದು ನೋಡು.”

ಹೋಗಿ ನೋಡಿದೆ. ನೋಡಿದೆ ಎನ್ನುವುದೂ ಅರ್ಧ ಸತ್ಯ. ಹೆಸರು ಕಾಣಬಾರದೆಂದು ಅಂಗಿಯನ್ನು ಮಡಚಿ, ಮೊದಲ ಅಕ್ಷರದ ಒಂದು ಅಂಚನ್ನಷ್ಟೇ ಹೊರಗಿಟ್ಟು ನನ್ನ ಮುಂದೆ ಹಿಡಿದಳು. ಬಟ್ಟೆಯನ್ನು ಬಿಗಿದು ಹಿಡಿಯುವ ಫ್ರೇಮಿನಲ್ಲಿ ಇದ್ದಾಗ ಚೆನ್ನಾಗಿತ್ತಂತೆ. ಬಿಚ್ಚಿದ ಕೂಡಲೇ ಬಟ್ಟೆ ಒಳಕ್ಕೆ ಎಳೆದುಕೊಂಡು ಅಕ್ಷರದ ಸುತ್ತ ಒಣಗಿದ ತುಟಿಯಂತೆ ನೆರಿಗೆ ಬಿದ್ದಿತ್ತು. ಅಂಚಿನಲ್ಲಿ ಸಣ್ಣ ಸಣ್ಣ ತೂತು. ದಾರ ಅಲ್ಲಲ್ಲಿ ಬಟ್ಟೆಯೊಳಗೆ ಮುಳುಗಿತ್ತು.

ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಬೇಕು, ಉಳಿದದ್ದನ್ನು ಮುಟ್ಟಬಾರದು. ಹುಡುಗರಿಗೆ ಪ್ರಯೋಗಾಲಯದಲ್ಲಿ ಹೇಳುವ ಪಾಠವನ್ನೇ ಅಕ್ಕನಿಗೆ ಹೇಳಿದೆ. ತೂತು ಬೀಳುವುದು ಚೂಪು ಸೂಜಿ ಹೆಣಿಗೆಯ ಎಳೆಯನ್ನು ಕತ್ತರಿಸುವುದರಿಂದ. ತುದಿ ದುಂಡಗಿರುವ ಸೂಜಿ ಹಾಕಿಸಿದೆ. ಎರಡನೆಯ ಅಂಗಿಯಲ್ಲಿ ತೂತು ಹೋಯಿತು, ಸುಕ್ಕು ಉಳಿಯಿತು. ಹೊಲಿಗೆ ಒತ್ತೊತ್ತಾಗಿದೆಯೆಂದು ಅದನ್ನು ವಿರಳ ಮಾಡಿಸಿದೆ. ಮೂರನೆಯದರಲ್ಲಿ ಅಕ್ಷರ ಹಗುರಾಯಿತು, ಸುಕ್ಕು ಉಳಿಯಿತು. ನಾಲ್ಕನೆಯದಕ್ಕೆ ಮೇಲೆ ನೀರಲ್ಲಿ ಕರಗುವ ತೆಳು ಪ್ಲಾಸ್ಟಿಕ್ ಹಾಳೆ ಇಡಿಸಿದೆ. ದಾರ ಮುಳುಗುವುದು ನಿಂತಿತು. ಸುಕ್ಕು ಅಲ್ಲೇ ಇತ್ತು.

“ಮಾಸ್ತರ್, ನಿಮ್ಮ ಪ್ರಯೋಗದಾಗ ನನ್ನ ಅಂಗಿ ಮುಗ್ಯಾಕ ಬಂದ್ವು” ಎಂದಳು ಅಕ್ಕ. “ಕಾಲೇಜಿನ ಹುಡುಗೂರು ಹ್ಯಾಂಗ ಪಾಸಾಗತಾವೋ.”

“ನಾನು ಕೋಣೆಯೊಳಗ ನಿಂತು ನೋಡಬೇಕು ಅಕ್ಕಾ. ಬ್ಯಾರೆ ಯಾವುದಾರ ಹೆಸರು ಹಾಕು, ನನ್ನ ಎದುರಿಗೆ.”

“ಅದೆಲ್ಲಾ ಆಗಂಗಿಲ್ಲ. ಸೋದರತ್ತಿ ಕೆಲಸ ಮಾಡೂ ಹೊತ್ತಿನಾಗ ಕೂಸಿನ ಅಪ್ಪ ಒಳಗ ಬರಬಾರದು.”

ಹಾಗೊಂದು ನಿಯಮ ನಮ್ಮಲ್ಲಿ ಇತ್ತೆಂದು ನಾನು ಕೇಳಿರಲಿಲ್ಲ. ರೂಢಿಗಳ ಬಗ್ಗೆ ನನಗೆ ಗೌರವ ಕಡಿಮೆ, ಆದರೆ ಸಾಯುತ್ತಿರುವವಳ ಜೊತೆ ವಾದ ಮಾಡುವಷ್ಟು ಧೈರ್ಯವೂ ಇರಲಿಲ್ಲ. ಇಷ್ಟಾಗಿಯೂ ಒಂದು ಪ್ರಶ್ನೆ ಎದುರಿಗೇ ಇತ್ತು. ಓಣಿಯ ಕೂಸುಗಳ ಇಂಥದ್ದೇ ಬಟ್ಟೆಯ ಮೇಲೆ ಅವಳು ಹಿಂದಿನ ವರ್ಷ ಆನೆ ಹಾಕಿದ್ದಳಲ್ಲ, ಆಗ ಸುಕ್ಕು ಯಾಕೆ ಬರಲಿಲ್ಲ? ಈ ಬಟ್ಟೆ ಹಗುರದ್ದು ಎಂದು ನನಗೆ ನಾನೇ ಉತ್ತರ ಹೇಳಿಕೊಂಡೆ. ಸರಿಯಿಲ್ಲದ ಉತ್ತರ ಬೇಗ ಸಿಗುತ್ತದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಐದನೆಯ ಅಂಗಿ. ಅಕ್ಕನ ಅಡಿಗೆಮನೆಯಲ್ಲಿ ಚಹಾ ಮಾಡಿಕೊಂಡು ಹೋದೆ. ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಒಳಗೆ ಏನೋ ಬಿದ್ದ ಸದ್ದಾಯಿತು. ತಲೆ ಸುತ್ತಿ ಬಿದ್ದಳೇನೋ ಎಂದು ಬಾಗಿಲು ನೂಕಿದೆ.

ಬಿದ್ದದ್ದು ಕತ್ತರಿ. ಅಕ್ಕ ಕುರ್ಚಿಯಲ್ಲೇ ಇದ್ದಳು. ತೊಡೆಯ ಮೇಲೆ ಫ್ರೇಮು, ಅದರಲ್ಲಿ ಅಂಗಿ. ಬಟ್ಟೆಯ ಅಂಚನ್ನು ಬೆರಳಿನಿಂದಲ್ಲ, ಮುಷ್ಟಿಯಿಂದ ಹಿಡಿದು, ಇನ್ನೊಂದು ಅಂಚನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಳು. ಬಟ್ಟೆ ಸೋಸುವ ಅರಿವೆಯಂತೆ ತೆಳ್ಳಗಾಗಿ ಆಸರೆಗೆ ಹಿಂದೆ ಇಟ್ಟ ಬಿಳಿ ಕಾಗದ ಕಾಣುತ್ತಿತ್ತು. ಎಡಗೈಯ ತೋರುಬೆರಳಿನ ತುದಿಗೆ ಒಂದು ಗುಂಡುಸೂಜಿ ಚುಚ್ಚಿಕೊಂಡು ನೇತಾಡುತ್ತಿತ್ತು.

“ಹೊರಗ ನಡಿ, ಹೆಸರು ಐತಿ” ಎಂದಳು.

ಬಟ್ಟೆಯ ಮೇಲೆ ಇನ್ನೂ ಒಂದು ಹೊಲಿಗೆಯೂ ಬಿದ್ದಿರಲಿಲ್ಲ.

“ಬೆರಳು, ಅಕ್ಕಾ” ಎಂದೆ. ಇದನ್ನಂತೂ ನಾನು ಅಂದಿದ್ದೇನೆ. ಅವಳು ಬಗ್ಗಿ ನೋಡಿದಳು, ಆಮೇಲೆ ಸೂಜಿಯನ್ನು ಬೇರೆ ಯಾರದೋ ಬೆರಳಿನಿಂದ ತೆಗೆಯುವಂತೆ ತೆಗೆದಳು.

“ಬಟ್ಟಿ ಕೈಗೆ ಹತ್ತವಲ್ದು. ಹಿಡದೇನೋ ಬಿಟ್ಟೇನೋ ತಿಳಿಯಂಗಿಲ್ಲ. ಅದಕ್ಕ ಜಗ್ಗತೇನಿ.”

“ಮೊದಲ ಯಾಕ ಹೇಳಲಿಲ್ಲ?”

“ಹೇಳಿದ್ರ, ಅಂಗಡಿಯಾಗ ಮಾಡಿಸೋಣು ಬಿಡು ಅಂತಿದ್ದಿ.”

ಅದು ನಿಜ. ಅನ್ನುತ್ತಿದ್ದೆ. ದಿನಕ್ಕೆ ಹತ್ತು ಕಿಲೋಮೀಟರ್ ಗಾಡಿ ಓಡಿಸಿ, ಸೂಜಿ, ಹಾಳೆ ಹುಡುಕಿ ತಂದು, ಕೆಟ್ಟ ಅಂಗಿಗಳ ಸುಕ್ಕನ್ನು ಅಳತೆಪಟ್ಟಿಯಿಂದ ಅಳೆದಿದ್ದ ನಾನು, ಅಳೆಯಬೇಕಾದದ್ದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಅಳೆದಿದ್ದೆ. ಜಗ್ಗಿ ಕಟ್ಟಿದ ಬಟ್ಟೆಯ ಮೇಲೆ ಹೊಲಿದರೆ, ಬಿಚ್ಚಿದಾಗ ಬಟ್ಟೆ ಕುಗ್ಗುತ್ತದೆ, ದಾರ ಕುಗ್ಗುವುದಿಲ್ಲ. ಸುಕ್ಕಿಗೆ ಬೇರೆ ಕಾರಣವೇ ಬೇಕಿರಲಿಲ್ಲ. ಆ ಸಿಟ್ಟಿನಲ್ಲಿ, ಆಗ, ಅಲ್ಲಿ, ಆ ಮಾತು ಬಂದಿರಬೇಕು. ಅಥವಾ ಬರಲಿಲ್ಲ. ಅಕ್ಕ ಚಹಾದ ಕಪ್ಪನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು “ಹೌದು” ಎಂದದ್ದು ನೆನಪಿದೆ. ಯಾವ ಮಾತಿಗೆ ಹೌದು ಎಂದಳೋ ಅದು ನೆನಪಿಲ್ಲ. ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳಿದ್ದೂ ಇರಬಹುದು.

ಐದನೆಯದು ಜಗ್ಗಿ ಜಗ್ಗಿ ಕೊರಳಪಟ್ಟಿಯೇ ಸಡಿಲಾಗಿ ಕೆಲಸಕ್ಕೆ ಬಾರದಂತಾಗಿತ್ತು. ಉಳಿದದ್ದು ಒಂದು.

ಅಂದು ಸಂಜೆಯ ಹೊತ್ತಿಗೆ ಒಂದು ಉಪಾಯ ಹೊಳೆಯಿತು. ಅಂಗಿಯನ್ನು ಫ್ರೇಮಿಗೆ ಹಾಕುವುದೇ ಬೇಡ. ಹಿಂದೆ ಇಡುವ ಗಟ್ಟಿ ಕಾಗದವನ್ನಷ್ಟೇ ಬಿಗಿಯಾಗಿ ಫ್ರೇಮಿಗೆ ಕಟ್ಟಬೇಕು, ಅದು ಜಗ್ಗುವುದಿಲ್ಲ. ಅದರ ಮೇಲೆ ಅಂಟು ಸಿಂಪಡಿಸಿ ಅಂಗಿಯನ್ನು ಸುಮ್ಮನೆ ಹಾಸಿ ಅಂಟಿಸಬೇಕು. ಕಾಗದದ ಮೇಲೆ ನಾಲ್ಕು ಇಂಚು ಅಂತರದಲ್ಲಿ ಎರಡು ಚುಕ್ಕೆ ಇಟ್ಟೆ. ಅಂಗಿ ಮೇಜಿನ ಮೇಲೆ ಬಿದ್ದಿದ್ದಾಗ ಅದರ ಮೇಲೂ ಅಷ್ಟೇ ಅಂತರಕ್ಕೆ ಎರಡು ಸೀಮೆಸುಣ್ಣದ ಚುಕ್ಕೆ. ಚುಕ್ಕೆಯ ಮೇಲೆ ಚುಕ್ಕೆ ಕೂತರೆ ಬಟ್ಟೆ ಜಗ್ಗಿಲ್ಲ ಎಂದು ಅರ್ಥ. ಬೆರಳಿಗೆ ತಿಳಿಯದ್ದನ್ನು ಕಣ್ಣು ನೋಡಿಕೊಳ್ಳಬೇಕು.

“ಇಷ್ಟಕ್ಕ ಎಮ್ಮೆಸ್ಸಿ ಬೇಕಾತೇನು?” ಎಂದಳು. “ಬರೋಬರ್ ಐತಿ. ಇನ್ನ ನಡಿ ಹೊರಗ.”

ಹನ್ನೆರಡನೆಯ ದಿನ ಮುಂಜಾನೆ ಹೊರಗೆ ಸೋಫಾದ ಮೇಲೆ ಕೂತಿದ್ದೆ. ಚುಕ್ಕೆ ಕೂಡಿಸಲು ಅವಳಿಗೆ ಒಂದು ಗಂಟೆಗೂ ಮೇಲೆ ಹಿಡಿಯಿತು. ನಡುವೆ ಎರಡು ಸಲ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದಳು. ನಾನು ಎದ್ದರೆ ಕೈಸನ್ನೆಯಿಂದ ಕೂರಿಸಿದಳು. ಆಮೇಲೆ ಮಷೀನ್ ಹತ್ತಿಪ್ಪತ್ತು ನಿಮಿಷ ಓಡಿತು, ನಿಂತಿತು.

ಮರುದಿನ ತೊಟ್ಟಿಲ ಮುಂದೆ ಅಕ್ಕ ಕೂಸಿನ ಕಿವಿಗೆ ಬಾಯಿಟ್ಟು ಮೂರು ಸಲ ಹೇಳಿದಳು. ಮಡಚಿಟ್ಟ ಅಂಗಿ ಬಿಚ್ಚಿ ತೋರಿಸಿದಳು. ಕೊನೆಯ ಅಕ್ಷರ ಚೂರು ಕೆಳಗೆ ಜಾರಿತ್ತು. ಸುಕ್ಕು ಇರಲಿಲ್ಲ. ತೊಡಿಸುವಾಗ ಹೆಗಲ ಮೇಲಿನ, ಒತ್ತಿ ಹಾಕುವ ಟಿಚ್ ಬಟನ್ ಅವಳ ಬೆರಳಿಗೆ ಸಿಗಲಿಲ್ಲ. ಮೂರ್ನಾಲ್ಕು ಸಲ ತಡಕಾಡಿದಳು. ನನ್ನ ಹೆಂಡತಿ ಅವಳ ಕೈ ಸರಿಸಿ ತಾನೇ ಹಾಕಿದಳು. ಅಕ್ಕ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಊಟಕ್ಕೆ ಬಡಿಸುವ ತನಕ ಹೊರಗೆ ತೆಗೆಯಲಿಲ್ಲ.

ಎರಡು ತಿಂಗಳಿಗೆ ತೀರಿಕೊಂಡಳು. ಕೊನೆಗೆ ಆ ಔಷಧದಿಂದ ಕೈಯಷ್ಟೇ ಅಲ್ಲ, ಪಾದಗಳೂ ಜೋಮುಗಟ್ಟಿದ್ದವು. ಆ ಮಾತಿನ ವಿಷಯವನ್ನು ಕೇಳಿಬಿಡಬೇಕೆಂದು ಆಸ್ಪತ್ರೆಯಲ್ಲಿ ಎಷ್ಟೋ ಸಲ ಅವಳ ಹತ್ತಿರ ಕೂತೆ. ಕೇಳಲಿಲ್ಲ. ಅಂದಿಲ್ಲ ಎಂದು ಅವಳು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ.

ಭಾವನ ಕಚೇರಿಗೆ ಕಾಗದಗಳು ಬೇಕಾಗಿ ಅವಳ ಆಸ್ಪತ್ರೆಯ ಫೈಲನ್ನು ಜೋಡಿಸಿಕೊಟ್ಟವನು ನಾನು. ಪ್ರತಿ ಸಲ ಔಷಧ ಏರಿಸುವ ಮುಂಚೆ ನರ್ಸು ರೋಗಿಯ ತೊಂದರೆಗಳನ್ನು ಕೇಳಿ ಬರೆದುಕೊಂಡು, ಕೆಳಗೆ ಜೊತೆಗೆ ಬಂದವರ ಸಹಿ ತೆಗೆದುಕೊಳ್ಳುವ ಒಂದು ಹಾಳೆ ಅದರಲ್ಲಿತ್ತು. ಮಗಳು ಹುಟ್ಟುವುದಕ್ಕೆ ಐದು ವಾರ ಮುಂಚಿನ ಹಾಳೆಯಲ್ಲಿ, ಎರಡೂ ಕೈಯ ಬೆರಳುಗಳಿಗೆ ಸ್ಪರ್ಶ ತಿಳಿಯುತ್ತಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಎರಡು ವಾರ ಮುಂಚಿನದರಲ್ಲೂ ಅದೇ ಇತ್ತು. ಎರಡರ ಕೆಳಗೂ ಇದ್ದ ಸಹಿ ನನ್ನದು.