ಪರದೆಯ ಹಿಂದಿನ ‘ಹೂಂ’

ಕೋವಿಡ್ ಗದ್ದಲ ಅಡಗಿ ಎರಡು ವರ್ಷವಾಗಿತ್ತು. ಆಗ ನಾನು ಕುಷ್ಟಗಿ ತಾಲ್ಲೂಕಿನ ಒಂದು ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಮತ್ತು ಬಿಪಿ ವಿಭಾಗದ ಕೌನ್ಸೆಲರ್ ಆಗಿದ್ದೆ. ಕೌನ್ಸೆಲರ್ ಅಂದರೆ ಏನೋ ದೊಡ್ಡ ಹುದ್ದೆ ಎಂದು ಯಲಬುರ್ಗಾದ ನನ್ನ ತವರಿನವರು ತಿಳಿದಿದ್ದರು. ಇದ್ದದ್ದು ಒಂದು ಮೇಜು, ಎರಡು ಕುರ್ಚಿ, ಮನಸ್ಸು ಬಂದರೆ ತಿರುಗುವ ಒಂದು ಫ್ಯಾನು. ಮಾತ್ರೆ ಯಾವಾಗ, ಊಟ ಎಷ್ಟು, ನಡಿಗೆ ಯಾಕೆ ಎಂದು ಬಂದವರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಕೇಳದವರನ್ನು ಬೈಯುವುದು ನಾನೇ ಸೇರಿಸಿಕೊಂಡ ಕೆಲಸ.

ಆ ವರ್ಷ ಮಂಡ್ಯ ಕಡೆಯ ಒಬ್ಬ ಎಳೆಯ ಡಾಕ್ಟರು ನಮ್ಮಲ್ಲಿಗೆ ಬಂದರು. ಅವರ ತಲೆಯಲ್ಲಿ ‘ಸೋಷಿಯಲ್ ಪ್ರಿಸ್ಕ್ರೈಬಿಂಗ್’ ಎಂಬ ಹುಳ ಹೊಕ್ಕಿತ್ತು. ಅಂದರೆ, ಎಲ್ಲ ನೋವಿಗೂ ಮಾತ್ರೆ ಬರೆಯುವ ಬದಲು ಕೆಲವರಿಗೆ ಊರಿನ ಆಸರೆಯನ್ನೇ ಬರೆದುಕೊಡುವುದು: ಸಂಘ, ಭಜನಾ ಮಂಡಳಿ, ಕೌದಿ ಹೊಲಿಯುವ ಗುಂಪು, ಪಕ್ಕದ ಮನೆಯವರ ಸ್ನೇಹ. ಮೊದಲ ಚೀಟಿ ನನ್ನ ಮೇಜಿಗೆ ಬಂದಾಗ ನಾನು ನಕ್ಕುಬಿಟ್ಟೆ.

“ಸರ್, ಮೆಡಿಕಲ್ ಅಂಗಡ್ಯಾಗ ಮನಷ್ಯಾರು ಸಿಗತಾರೇನ್ರಿ?” ಅಂದೆ.

“ಅದಕ್ಕೇ ಅಲ್ವಾ ಮೇಡಂ ನೀವಿರೋದು” ಎಂದು ಆ ಹುಡುಗ ನನ್ನ ಬಾಯಿ ಮುಚ್ಚಿಸಿದ.

ಮಾಬೂಬಿಯ ಕೇಸು ನನ್ನ ಕೈಗೆ ಬಂದದ್ದು ಹೀಗೆ. ಹನುಮಸಾಗರದಲ್ಲಿ ಗಾದಿ ಹೊಲಿಯುತ್ತಿದ್ದ ದಾವಲಸಾಬರ ಹೆಂಡತಿ, ಅರವತ್ತರ ಆಸುಪಾಸು. ಎಂಟು ವರ್ಷದಿಂದ ಇನ್ಸುಲಿನ್ ಸೂಜಿಯ ಮೇಲೆ ಸಕ್ಕರೆ ಹತೋಟಿಯಲ್ಲಿತ್ತು. ದಾವಲಸಾಬರು ಹೃದಯಾಘಾತದಿಂದ ತೀರಿಕೊಂಡ ಮೇಲೆ ಈಕೆ ಇದ್ದತ್ ಹಿಡಿದು ಕುಳಿತಿದ್ದಳು. ಗಂಡ ತೀರಿದ ಮುಸ್ಲಿಂ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇದ್ದು, ಪರ ಗಂಡಸರ ಕಣ್ಣಿಗೆ ಬೀಳದೆ ಕಳೆಯುವ ಕಾಲ ಅದು. ಬಾಗಿಲಿಗೆ ಒಂದು ದಪ್ಪ ಪರದೆ ಬಿದ್ದಿತ್ತು. ಅದನ್ನು ಕಟ್ಟಿದವರು ಎದುರು ಮನೆಯ ಖೈರುನಬಿ, ದಾವಲಸಾಬರ ಅಕ್ಕ. ಓಣಿಯಲ್ಲಿ ಅವರ ಮಾತಿಗೆ ಎದುರಾಡುವವರಿಲ್ಲ.

ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ ಸಕ್ಕರೆ ನೋಡುವ ನಮ್ಮ ಆರೋಗ್ಯ ಕಾರ್ಯಕರ್ತ ಶರಣಪ್ಪ, ಭಾಳ ಮರ್ಯಾದಸ್ಥ ಹುಡುಗ. ಪರದೆಯ ಈಚೆ ನಿಂತು ಕೂಗುತ್ತಿದ್ದ. ಪರದೆಯ ಕೆಳಗಿನಿಂದ ಒಂದು ಕೈ ಬರುತ್ತಿತ್ತು, ಬೆರಳಿಗೆ ಚುಚ್ಚಿ ರಕ್ತ ತೆಗೆಯುತ್ತಿದ್ದ. “ಅಮ್ಮಾ, ಸೂಜಿ ತಗೊಂತೀರಿಲ್ರಿ?” ಎಂದು ಕೇಳುತ್ತಿದ್ದ. ಒಳಗಿನಿಂದ “ಹೂಂ” ಎಂದು ಉತ್ತರ ಬರುತ್ತಿತ್ತು. ಹೊಸ ಇನ್ಸುಲಿನ್ ಬಾಟಲಿಯನ್ನು ಅದೇ ಕೈಗೆ ಕೊಟ್ಟು ಬರುತ್ತಿದ್ದ.

ಸಕ್ಕರೆ ಮಾತ್ರ ಪ್ರತಿ ಸಲವೂ ಮೇಲೇರುತ್ತಿತ್ತು. ಮುನ್ನೂರು ದಾಟಿತು, ನಾನೂರು ದಾಟಿತು. ಸೂಜಿ ತೆಗೆದುಕೊಂಡರೂ ಏರುತ್ತಿದೆ ಅಂದರೆ ಪ್ರಮಾಣ ಸಾಲದು ಎಂದು ತಾನೇ ಅರ್ಥ? ಮುಂಜಾನೆ ಹದಿನಾರು ಯೂನಿಟ್, ಸಂಜೆ ಹತ್ತು ಎಂದಿದ್ದ ಪ್ರಮಾಣ ಮೆಟ್ಟಿಲು ಮೆಟ್ಟಿಲಾಗಿ ಏರಿ ಮೂವತ್ತನಾಲ್ಕು, ಇಪ್ಪತ್ತಾರು ಆಯಿತು. ಪ್ರತಿ ಸಲವೂ ಶರಣಪ್ಪ ಹೊಸ ಪ್ರಮಾಣವನ್ನು ಅವಳ ಕಾರ್ಡಿನಲ್ಲಿ ಬರೆದುಕೊಡುತ್ತಿದ್ದ. ಅಷ್ಟರಲ್ಲಿ ಗಂಡ ತೀರಿ ಮೂರು ತಿಂಗಳ ಮೇಲಾಗಿತ್ತು. “ಇದು ಬರೀ ಸಕ್ಕರೆ ಅಲ್ಲ, ಮನಸ್ಸೂ ಕುಸಿದಿರಬಹುದು. ನೀವೊಮ್ಮೆ ಒಳಗೆ ಹೋಗಿ ಮಾತಾಡಿಸಿ ಬನ್ನಿ” ಎಂದು ಡಾಕ್ಟರು ನನ್ನನ್ನು ಕಳಿಸಿದರು.

ಹೆಂಗಸಾದ ನನಗೆ ಪರದೆ ಅಡ್ಡಿಯಾಗಲಿಲ್ಲ. ಗಂಡ ಹೊಲಿದ ಗಾದಿಯ ಮೇಲೆ ಮಾಬೂಬಿ ಕುಳಿತಿದ್ದಳು. ಮೈ ಇಳಿದು ಕುಪ್ಪಸ ಜೋತಾಡುತ್ತಿತ್ತು. ಮೂಲೆಯ ತಟ್ಟೆಯಲ್ಲಿ ಖೈರುನಬಿ ಕಳಿಸಿದ ರೊಟ್ಟಿ ಹಾಗೇ ಇತ್ತು. ನಾನು ಪಕ್ಕದಲ್ಲಿ ಕುಳಿತ ಮೇಲೆ ಬಾಯಿಬಿಟ್ಟಳು.

“ನಲವತ್ತು ದಿನ ಮನಿ ತುಂಬ ಮಂದಿ ಇದ್ರು. ಮಗಳೂ ಗಂಗಾವತಿಗಿ ಹ್ವಾದ್ಲು, ಆಕಿಗೂ ಸಂಸಾರ ಐತಿ. ಈಗ ದೀಪಾ ಹಚ್ಚೋ ಹೊತ್ತಿಗಿ ಎದಿ ಡವಡವ ಅಂತೈತ್ರಿ. ಯಾರರ ಬಾಜೂಕ ಕುಂತರ ಸಾಕು ಅನಸ್ತೈತಿ.”

ಖೈರುನಬಿ ಊಟ ಕಳಿಸುತ್ತಿದ್ದರು, ಕಾವಲು ಕಾಯುತ್ತಿದ್ದರು. ದೊಡ್ಡ ಸಂಸಾರದಲ್ಲಿ ಕೂರುವ ಪುರುಸೊತ್ತು ಅವರಿಗೆಲ್ಲಿ? ಕೌದಿ ಗುಂಪಿಗೆ ಕಳಿಸೋಣವೆಂದರೆ ಮಾಬೂಬಿ ಹೊಸ್ತಿಲು ದಾಟುವಂತಿಲ್ಲ. ನಾನು ಹೇಳಿದ್ದನ್ನು ಕೇಳಿ ಡಾಕ್ಟರು ಚೀಟಿಯಲ್ಲಿ ಒಂದೇ ಸಾಲು ಬರೆದರು: ದಿನಾ ಸಂಜೆ ಒಬ್ಬರು ಪಕ್ಕದಲ್ಲಿ ಕೂರುವುದು.

ಆ ಒಬ್ಬರನ್ನು ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ಮಾಬೂಬಿಯ ಹಿತ್ತಲ ಗೋಡೆಗೆ ಗೋಡೆ ಅಂಟಿಕೊಂಡಿದ್ದ ಮನೆ ನೀಲವ್ವನದು. ನೀಲವ್ವ ಪಶುಸಖಿ. ಊರಿನ ಆಡು-ಕುರಿಗೆ ಮದ್ದು ಕುಡಿಸಲು, ಲಸಿಕೆ ಹಾಕುವಾಗ ನೆರವಾಗಲು ತರಬೇತಿ ಪಡೆದ ಹೆಂಗಸು. ಗಟ್ಟಿ ಬಾಯಿ, ಗಟ್ಟಿ ರಟ್ಟೆ. “ಕುಂದ್ರೂದು ಅಷ್ಟ ಹೌದಿಲ್ರಿ? ಹಿತ್ತಲ ಬಾಗಲಾದಿಂದ ಹೊಕ್ಕೀನಿ. ಯಾರ ಕಣ್ಣಿಗೂ ಬೀಳಂಗಿಲ್ಲ” ಎಂದು ಒಪ್ಪಿಕೊಂಡಳು. ಖೈರುನಬಿಯೂ ತಲೆಯಾಡಿಸಿದರು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಬೀಗುತ್ತಾ ಬಸ್ಸು ಹತ್ತಿದೆ.

ವಾರ ಕಳೆದಿರಬೇಕು. ಒಂದು ಮುಂಜಾನೆ ಓಪಿಡಿ ತುಂಬಿ ತುಳುಕುತ್ತಿದ್ದಾಗ ನೀಲವ್ವನ ಫೋನು ಬಂತು. ಬೇರೆ ಊರಿನ ಕುರಿ ಹಟ್ಟಿಯಿಂದ ಮಾತಾಡುತ್ತಿದ್ದಳು, ಹಿಂದೆ ಕುರಿಗಳ ಗಲಾಟೆ.

“ಅಕ್ಕಾರ, ನಿಮಗೊಂದು ಖುಷಿ ಸುದ್ದಿ. ಮಾಬೂಬಕ್ಕಗ ಈಗ ಸೂಜಿನೂ ನಾನ ಮಾಡಾಕತ್ತೀನ್ರಿ! ಪಾಪ, ಮೊದಲ ಆಕಿ ಗಂಡನ ಮಾಡತಿದ್ನಂತ. ಆತ ಹೋದಾಗಿಂದ ಬಾಟ್ಲಿ ಎಲ್ಲಾ ತಂಪಿಗಂತ ಇಟ್ಟ ನೀರಿನ ಗಡಿಗ್ಯಾಗ ಹಂಗ ಕುಂತಿದ್ವು. ಮೊನ್ನಿಂದ ಹೊತ್ತಿಗಿ ಸರಿಯಾಗಿ ಕಾರ್ಡಿನ್ಯಾಗ ಬರದಂಗ ಹಾಕೀನಿ, ಒಂದ ಗೆರಿ ಹೆಚ್ಚಿಲ್ಲ ಕಮ್ಮಿಲ್ಲ.”

ನನಗೂ ಮೊದಲು ಖುಷಿಯೇ ಆಯಿತು. ಪಕ್ಕದಲ್ಲೇ ಇದ್ದ ಡಾಕ್ಟರಿಗೆ ಹೇಳಿದೆ: “ಕೇಳ್ರಿ ಸರ್, ದಾವಲಸಾಬ ಹೋದಾಗಿಂದ ಬಿಟ್ಟಿದ್ದ ಸೂಜಿ ಮತ್ತ ಚಾಲೂ ಆಗೇತಿ.”

ಡಾಕ್ಟರ ಮುಖ ಸುಣ್ಣವಾಯಿತು. “ಮೇಡಂ, ಹಾಗಾದ್ರೆ ಇಷ್ಟು ದಿನ ಅವರು ತಗೊಂಡೇ ಇಲ್ಲ! ತಗೊಳ್ತಿದ್ದಾರೆ ಅಂತ ನಾವು ಏರಿಸ್ತಾ ಹೋದ ಡೋಸು ಅದು. ಊಟ ಬೇರೆ ಇಲ್ಲ. ಅಷ್ಟು ಇನ್ಸುಲಿನ್ ಒಂದೇ ಸಮ ಬಿದ್ರೆ ಸಕ್ಕರೆ ಪಾತಾಳಕ್ಕೆ ಹೋಗುತ್ತೆ.”

ಸಕ್ಕರೆ ಏರಿದರೆ ಮನುಷ್ಯ ನಿಧಾನ ಸವೆಯುತ್ತಾನೆ. ಇಳಿದರೆ ಹಾಗಲ್ಲ. ಬೆವರು, ನಡುಕ, ಮಂಪರು, ಆಮೇಲೆ ಎಚ್ಚರವೇ ತಪ್ಪುತ್ತದೆ, ಮಿದುಳಿಗೇ ಹೊಡೆತ ಬೀಳುತ್ತದೆ.

ನೀಲವ್ವ ಇನ್ನೂ ಫೋನಿನಲ್ಲಿದ್ದಳು. “ಈಗ ಆಕಿ ಹೆಂಗದಾಳ?” ಎಂದು ಕೂಗಿದೆ.

“ಛಲೋ ಅದಾಳ್ರಿ. ಮುಂಜಾನಿ ಸೂಜಿ ಮಾಡಿ ಹೊಲದ ಕಡೆ ಹೋಗಿ ಬರೂದರಾಗ ಮಲಗಿಬಿಟ್ಟಿದ್ಲು. ಮೈ ಬೆವತಿತ್ತು. ಎಷ್ಟ ದಿನದ ಮ್ಯಾಲೆ ನಿದ್ದಿ ಹತ್ತೇತಿ, ಎಬ್ಬಿಸೂದು ಬ್ಯಾಡ ಅಂತ ಹಿತ್ತಲ ಬಾಗಲಾ ಮುಂದ ಮಾಡಿ ಬಂದೀನ್ರಿ.”

ನಮ್ಮಿಂದ ಹನುಮಸಾಗರಕ್ಕೆ ಮುಕ್ಕಾಲು ಗಂಟೆಯ ದಾರಿ. ನೀಲವ್ವ ಬೇರೆ ಊರಲ್ಲಿ. ಮಾಬೂಬಿಯದೆಂದು ನಮ್ಮಲ್ಲಿದ್ದ ನಂಬರು ದಾವಲಸಾಬರದು, ಅವರು ಹೋದ ದಿನದಿಂದ ಸ್ವಿಚ್ ಆಫ್. ಡಾಕ್ಟರು ಆಗಲೇ ಆಂಬುಲೆನ್ಸಿಗೆ ಫೋನು ಹಚ್ಚಿದ್ದರು. ನಾನು ಶರಣಪ್ಪನಿಗೆ ಹಚ್ಚಿದೆ. ದೇವರ ದಯೆ, ಹನುಮಸಾಗರದ ಬಸ್ ನಿಲ್ದಾಣದ ಹತ್ತಿರವೇ ಇದ್ದ. “ಇದ್ದಂಗ ಓಡು, ಫೋನ್ ಇಡಬ್ಯಾಡ” ಅಂದೆ.

ಬೈಕಿನ ಸದ್ದು, ನಾಯಿ ಬೊಗಳಿದ ಸದ್ದು, ಆಮೇಲೆ ಶರಣಪ್ಪನ ಏದುಸಿರು. ಪರದೆಯ ಮುಂದೆ ನಿಂತು ರೂಢಿಯ ಬಲದಿಂದ ಅದೇ ಪ್ರಶ್ನೆ ಕೂಗಿದ: “ಅಮ್ಮಾ, ಸೂಜಿ ತಗೊಂಡಿರಿಲ್ರಿ?”

ಒಳಗಿನಿಂದ ಸದ್ದಿಲ್ಲ.

“ಮೇಡಂ, ಹೂಂ ಅನವಲ್ರು.”

“ಒಳಗ ಹೋಗೋ ಮಾರಾಯಾ!”

“ಹೆಂಗ ಹೋಗ್ಲಿ ಮೇಡಂ? ಇದ್ದತ್ ಐತ್ರಿ. ನಾ ಪರದಾ ಸರಿಸಿದ್ರ ನಾಳಿಂದ ಈ ಓಣ್ಯಾಗ ಒಬ್ಬರೂ ನನ್ನ ಮುಂದ ಕೈ ಚಾಚಂಗಿಲ್ಲ.”

ಅವನ ಮಾತು ಸುಳ್ಳಲ್ಲ. ಒಂದೊಂದು ಮನೆಯ ನಂಬಿಕೆ ಗಳಿಸಲು ಆ ಹುಡುಗ ಎಷ್ಟು ಚಪ್ಪಲಿ ಸವೆಸಿದ್ದಾನೆಂದು ನನಗೆ ಗೊತ್ತು. ಆದರೆ ನನ್ನ ಸಿಟ್ಟು ನೆತ್ತಿಗೇರಿತ್ತು. “ಕೈ ಚಾಚಾಕ ಆಕಿ ಉಳೀಬೇಕಲ್ಲೋ!” ಎಂದು ಕಿರುಚಿದೆ. ಓಪಿಡಿಯ ಸಾಲು ಪೂರಾ ನನ್ನ ಕಡೆ ತಿರುಗಿತು.

ಶರಣಪ್ಪ ಉತ್ತರಿಸುವ ಮೊದಲೇ ಎದುರು ಮನೆಯ ಬಾಗಿಲು ಧಡಾರನೆ ತೆರೆದದ್ದು ಕೇಳಿಸಿತು. ಖೈರುನಬಿ. “ಏನಲೇ, ಹೆಂಗಸರ ಬಾಗಲಾದಾಗ ನಿಂತು ಬೊಬ್ಬಿ ಹೊಡೀತಿ?”

ಹೋಯಿತಲ್ಲಪ್ಪ, ಇನ್ನು ಇಲ್ಲೊಂದು ಪಂಚಾಯಿತಿ ಶುರುವಾಯಿತು ಅಂದುಕೊಂಡೆ. ಫೋನನ್ನು ಸ್ಪೀಕರಿಗೆ ಹಾಕಿಸಿ, “ಅಮ್ಮಾ, ಮಾಬೂಬಿ ನಿದ್ದಿ ಮಾಡಾಕತ್ತಿಲ್ಲ, ಜೀವ ಹೋಗಾಕತ್ತೇತಿ” ಎಂದಷ್ಟೇ ಹೇಳಿದೆ.

ಮರುಕ್ಷಣವೇ ಬಟ್ಟೆ ಪರ್ರನೆ ಹರಿದ ಸದ್ದು. ತಾವೇ ಕಟ್ಟಿದ್ದ ಪರದೆಯನ್ನು ಆ ಮುದುಕಿ ಕಿತ್ತೆಸೆದಿದ್ದರು. “ಜಾನ್ ಜಾರೈ ಅಂತಾರ, ಪರದಾ ಕೈಕೂ? ಜೀವ ಹೋಗೂ ಹೊತ್ತಿನ್ಯಾಗ ಪರದಾ ಹಿಡದು ನಿಂತಾನ! ಬಾರೋ ಒಳಗ!”

ಶರಣಪ್ಪ ಬೆರಳು ಚುಚ್ಚಿದ. ಯಂತ್ರ ತೋರಿಸಿದ್ದು ಮೂವತ್ತೆಂಟು. ಎಪ್ಪತ್ತರ ಕೆಳಗೆ ಇಳಿಯಲೇಬಾರದು. ಡಾಕ್ಟರು ನನ್ನ ಕೈಯಿಂದ ಫೋನು ಕಸಿದುಕೊಂಡು ಮೇಜಿನ ಮೇಲಿಟ್ಟು ಸ್ಪೀಕರಿಗೆ ಹಾಕಿದರು. “ಬಾಯಿಗೆ ನೀರು ಹಾಕಬೇಡಿ, ಉಸಿರಿಗೆ ಹೋಗುತ್ತೆ. ಮಗ್ಗುಲಿಗೆ ಮಲಗಿಸಿ. ಬೆಲ್ಲ ಅರೆದು ಒಸಡಿಗೆ ತಿಕ್ಕಿ, ಬಿಡದೆ ತಿಕ್ಕಿ. ಆಂಬುಲೆನ್ಸ್ ಗ್ಲೂಕೋಸ್ ತರ್ತಿದೆ.”

ಮುಂದಿನ ಆ ಹೊತ್ತು ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಖೈರುನಬಿ ಒಸಡು ತಿಕ್ಕುತ್ತಾ ಒಂದೇ ಸಮನೆ ಬೈಯುತ್ತಿದ್ದರು, ಅಳುತ್ತಿದ್ದರು, ಮತ್ತೆ ಬೈಯುತ್ತಿದ್ದರು. “ಮಾಬೂ! ಏ ಮಾಬೂ! ಕೇಳಸ್ತೈತೇನ?” ಉತ್ತರವಿಲ್ಲ. ಶರಣಪ್ಪ ಉಸಿರು ನೋಡಿ “ಐತ್ರಿ, ಐತ್ರಿ” ಅನ್ನುತ್ತಿದ್ದ. ನಾನು ಮೇಜಿನ ಅಂಚು ಹಿಡಿದುಕೊಂಡು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ದೂರದಲ್ಲಿ ಆಂಬುಲೆನ್ಸಿನ ಸೈರನ್ನು ಕೇಳಿಸಿತು, ಹತ್ತಿರವಾಯಿತು, ನಿಂತಿತು. ನರ್ಸ್ ನರ ಹುಡುಕಿ ಗ್ಲೂಕೋಸ್ ಏರಿಸಿದಳು. ಖೈರುನಬಿ ಮತ್ತೊಮ್ಮೆ ಕೂಗಿದರು.

“ಮಾಬೂ, ಕೇಳಸ್ತೈತೇನವಾ?”

“ಹೂಂ.”

ಕ್ಷೀಣವಾಗಿ, ಬಾವಿಯೊಳಗಿಂದ ಬಂದ ಹಾಗೆ. ಅಷ್ಟು ಜನರೆದುರು ನಾನು ಗೊಳೋ ಎಂದು ಅತ್ತುಬಿಟ್ಟೆ. ಸಾಲಿನಲ್ಲಿ ನಿಂತಿದ್ದ ಒಬ್ಬ ಅಜ್ಜ ಬಂದು ನನಗೆ ನೀರು ಕೊಟ್ಟ.

ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದ ಮಾಬೂಬಿಯನ್ನು ಮೆತ್ತಗೆ ಕೇಳಿದೆ, ಯಾಕವ್ವಾ ಸುಳ್ಳು ಹೂಂ ಅಂದಿ ಎಂದು. ತಲೆಯ ಮೇಲೆ ಸೆರಗೆಳೆದುಕೊಂಡು ಹೇಳಿದಳು: “ಹೊಟ್ಟಿ ಮ್ಯಾಲೆ ಚುಚ್ಚೋ ಸೂಜಿರಿ ಅದು. ನಮ್ಮ ಮನಿಯಾವ್ರ ಬಿಟ್ಟು ಯಾರೂ ಮುಟ್ಟಿದ್ದಿಲ್ಲ. ಅವರಿಲ್ಲಂದ ಮ್ಯಾಲೆ ಯಾರ ಮಾಡ್ತಾರಂತ ಓಣ್ಯಾಗ ನಿಂತ ಗಂಡ ಹುಡುಗಗ ಹೆಂಗ ಹೇಳ್ಲಿ?” ನೀಲವ್ವ ಬಂದು ಮಂಚದ ಕಾಲ ಬಳಿ ಕುಳಿತು ಬಿಕ್ಕಿದಳು. ನಿಮ್ಮದೇನೂ ತಪ್ಪಿಲ್ಲ, ನಾವು ಬರೆದದ್ದನ್ನೇ ನೀವು ಮಾಡಿದ್ದೀರಿ ಎಂದು ಡಾಕ್ಟರು ಎಷ್ಟು ಹೇಳಿದರೂ ಕೇಳಲಿಲ್ಲ. “ಇನ್ನ ಸೂಜಿ ಮುಟ್ಟಂಗಿಲ್ರಿ ನಾನು” ಅಂದಳು. ಕೊನೆಗೆ ಮಾಬೂಬಿಯೇ ಅವಳ ಕೈ ಹಿಡಿದು ತನ್ನ ಹತ್ತಿರ ಎಳೆದುಕೊಂಡಳು.

ನಿವೃತ್ತಳಾಗುವವರೆಗೂ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ನಾನು ಈ ಕಥೆ ಹೇಳಿದ್ದೇನೆ. ಔಷಧಿ ತಗೊಂತೀರಾ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಯಾರು ಕೊಡುತ್ತಾರೆ ಎಂದು ಕೇಳಿ. ಆ ಕೈ ಈಗಲೂ ಆ ಮನೆಯಲ್ಲಿದೆಯೇ ಎಂದು ಕೇಳಿ. ಒಬ್ಬರ ಬದಲಿಗೆ ಇನ್ನೊಬ್ಬರನ್ನು ಬರೆದುಕೊಡುವ ಮೊದಲು, ಹೋದವರು ಆ ಮನೆಯಲ್ಲಿ ಏನೇನು ಮಾಡುತ್ತಿದ್ದರು ಎಂಬುದನ್ನು ತಿಳಿದುಕೊಳ್ಳಿ. ಶರಣಪ್ಪನಂತೂ ಮರುದಿನದಿಂದಲೇ ತನ್ನ ಪ್ರಶ್ನೆ ಬದಲಿಸಿಕೊಂಡ. ಆ ಓಣಿಯಲ್ಲಿ ಅವನ ಮುಂದೆ ಕೈ ಚಾಚುವುದನ್ನು ಯಾರೂ ನಿಲ್ಲಿಸಲಿಲ್ಲ. ಖೈರುನಬಿ ಇರುವಾಗ ಯಾರಿಗೆ ಧೈರ್ಯ?

ಇದ್ದತ್ ಮುಗಿದ ಮೇಲೆ ಮಾಬೂಬಿ ನೀಲವ್ವನ ಜೊತೆ ಬಸ್ಸಿನಲ್ಲಿ ನಮ್ಮ ಆಸ್ಪತ್ರೆಗೆ ಬಂದಳು. ಪ್ರಮಾಣ ಮತ್ತೆ ಹದಿನಾರು, ಹತ್ತಕ್ಕೆ ಇಳಿದಿತ್ತು. ಸಕ್ಕರೆ ಹತೋಟಿಗೆ ಬಂದಿತ್ತು, ಕೆನ್ನೆ ತುಂಬಿತ್ತು. ನಾನು ಹೊಸ ಪ್ರಶ್ನೆ ಕೇಳಿದೆ: “ಈಗ ಸೂಜಿ ಯಾರ ಮಾಡ್ತಾರ?”

“ನಾನ ಕಲ್ತೀನ್ರಿ. ನಾನ ಮಾಡ್ಕೊಂತೀನಿ” ಎಂದಳು, ಚೂರು ಜಂಬದಿಂದ.

ನಾನು ನೀಲವ್ವನ ಕಡೆ ತಿರುಗಿ ಕಾಲೆಳೆದೆ. “ಹಂಗಾದ್ರ ನಿನ್ನ ಕೆಲಸ ಮುಗೀತಲ್ಲ? ಇನ್ನೂ ದಿನಾ ಹಿತ್ತಲ ಬಾಗಲಾ ಬಡಿತೀಯಂತಲ್ಲ, ಯಾಕ?”

ನೀಲವ್ವ ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದಳು.

“ಕುಂದ್ರಾಕ್ರಿ” ಅಂದಳು. “ಡಾಕ್ಟರು ಅದನ್ನ ಬರದಿದ್ರಲ್ಲ.”